ಶಂಕರನಾಗ್ ಇದ್ದಿದ್ರ ಯಾವ ತೊಟ್ಟಿಲು ಬರ್ತಿತ್ತು?



ಕಳೆದ ಸಲ ಗೋಡೆ ಪತ್ರಿಕೆಗೆ ನಾನು ಮಳೆಗಾಲದ ಬಗ್ಗೆ ಬರೆದಿದ್ದೆ. ಅದನ್ನ ಯಾರೂ ಪೂರ್ತಿ ಓದಲಿಲ್ಲ ಅಂತ ನನಗ ಗೊತ್ತದ. ಈ ಸಲ ಗುರುಗಳು ತೀರಿಹೋದ ಒಬ್ಬ ಹೆಸರಾಂತ ವ್ಯಕ್ತಿಯ ಜೀವನ ಚರಿತ್ರೆ ಬರೆದುಕೊಂಡು ಬಾ ಅಂದರು. ಬಸವಣ್ಣ, ಗಾಂಧೀಜಿ, ವಿಶ್ವೇಶ್ವರಯ್ಯ ಇವರನ್ನ ಮೊದಲೇ ಬೇರೆಯವರು ಹಿಡಕೊಂಡಿದ್ದರು. ನಾನು ಶಂಕರನಾಗ್ ಅವರ ಹೆಸರು ಹೇಳಿದೆ. ಸಿನಿಮಾದವರು ಯಾಕ ಅಂತ ಗುರುಗಳು ಕೇಳಿದರು. ಅದಕ್ಕ ಕಾರಣ ಜಾತ್ರೆ ತೊಟ್ಟಿಲು. ಅದನ್ನ ಮೊದಲು ಹೇಳ್ತೀನಿ.

ನಿಮಗೆಲ್ಲಾ ಗೊತ್ತಿದ್ದಂಗ ಭಾರತ ಹುಣ್ಣಿಮೆಗೆ ತಿಂಥಣಿ ಮೌನೇಶ್ವರ ಜಾತ್ರೆ ಆಗ್ತದ. ಜಾತ್ರೆಗಿಂತ ಮೊದಲು ಲಾರಿಗಳು ಬರ್ತಾವ. ಕಬ್ಬಿಣದ ಸಾಮಾನು ಇಳಿಸುವಾಗ ಯಾವ ಆಟ ಬಂದದ ಅಂತ ಊಹೆ ಮಾಡೋದೇ ನಮಗ ದೊಡ್ಡ ಆಟ. ಉದ್ದನ್ನ ಕಂಬ ಬಂದರ ದೊಡ್ಡ ತೊಟ್ಟಿಲು. ದೋಣಿಯ ಮೂತಿ ಕಂಡರ ಕೊಲಂಬಸ್. ಬಾಗಿದ ಕಟ್ಟಿಗಿ ಹಲಗಿಗಳು ಬಂದರ ಬಾವಿಯೊಳಗ ಬೈಕ್ ಓಡಿಸೋರು ಬಂದಾರಂತ ತಿಳಿಬೇಕು. ತೊಟ್ಟಿಲದ ಹಲಗಿ ಮ್ಯಾಲೆ ಹೀರೋಗಳ ಚಿತ್ರ ಬಿಡಿಸಿರ್ತಾರ. ಆದರ ಒಳಗ ಕುಂತರ ಸಿನಿಮಾ ಏನೂ ಇರಂಗಿಲ್ಲ, ಬರೇ ತಿರುಗೋದು. ಹೋದ ವರ್ಷ ನಮ್ಮ ಗುಂಪಿನೊಳಗ ಒಬ್ಬಾಕೆ ಒಂದು ಮಾತು ತೆಗೆದಳು. ಚಿತ್ರ ಬರೇ ಹೊರಗ ಯಾಕ, ಸಿನಿಮಾದ ಕಥೆನೇ ಆಟ ಆಗಬಾರದೇನು ಅಂತ. ಅವತ್ತಿನಿಂದ ಬೇವಿನ ಗಿಡದ ಕೆಳಗ ದಿನಾ ಇದೇ ಚರ್ಚೆ. ಯಾವ ಹೀರೋನ ಸಿನಿಮಾದಿಂದ ಆಟ ಮಾಡಬೇಕು?

ನಮ್ಮ ಕಾಕಾ ಶಹಾಪುರದಾಗ ಆಟೋ ಓಡಿಸ್ತಾನ. ಆಟೋದ ಹಿಂದೆ ಶಂಕರನಾಗ್ ಚಿತ್ರ ಅದ. ನಾನು ಈ ಚರ್ಚೆ ಹೇಳಿದ ಕೂಡಲೇ ಕಾಕಾ ಬೇರೆ ಯಾವ ಹೆಸರೂ ಕೇಳಲಿಲ್ಲ. ಶಂಕರಣ್ಣ ಇದ್ದಿದ್ದರ ಇಷ್ಟೊತ್ತಿಗೆ ಅಂಥಾದ್ದು ಮಾಡೇ ಬಿಡ್ತಿದ್ದ ಅಂದ. ತಮಾಷೆ ಏನಂದರ, ಶಂಕರನಾಗ್ ತೀರಿಕೊಂಡಾಗ ಕಾಕಾ ಒಂದನೇ ಇಯತ್ತೆ ಓದ್ತಿದ್ದ. ಒಂದು ಸಲನೂ ಅವರನ್ನ ನೋಡಿಲ್ಲ. ಆದರೂ ಸ್ವಂತ ಅಣ್ಣನ ಬಗ್ಗೆ ಹೇಳಿದಂಗ ಹೇಳ್ತಾನ. ಅದಕ್ಕ ನಾನು ಅವರ ಜೀವನವನ್ನೇ ಹುಡುಕಿ ಓದಿದೆ.

ಶಂಕರನಾಗ್ ಅವರು 1954ನೇ ಇಸವಿ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆ ಜನಿಸಿದರು. ಅವರ ಮನೆತನದ ಹೆಸರು ನಾಗರಕಟ್ಟೆ. ಅದನ್ನ ಗಿಡ್ಡ ಮಾಡಿ ನಾಗ್ ಅಂತ ಇಟ್ಟುಕೊಂಡರು. ತಂದೆ ಸದಾನಂದ, ತಾಯಿ ಆನಂದಿ. ಅಣ್ಣ ಅನಂತನಾಗ್ ಅವರಿಗಿಂತ ಆರು ವರ್ಷ ದೊಡ್ಡವರು. ಅವರನ್ನ ನೀವೆಲ್ಲಾ ಸಿನಿಮಾದಾಗ ನೋಡೀರಿ. ದೊಡ್ಡವರಾದ ಮ್ಯಾಲೆ ಶಂಕರನಾಗ್ ಮುಂಬೈಗೆ ಹೋದರು. ಅಲ್ಲಿ ಮರಾಠಿ ನಾಟಕಗಳ ಹುಚ್ಚು ಹಿಡೀತು. ನಾಟಕ ಮಾಡುವಾಗಲೇ ಅರುಂಧತಿ ಅವರ ಪರಿಚಯ ಆಯಿತು. 1980ರಲ್ಲಿ ಇಬ್ಬರೂ ಮದುವೆಯಾದರು. ಅವರಿಗೆ ಕಾವ್ಯಾ ಎಂಬ ಮಗಳು.

1978ರಲ್ಲಿ ಗಿರೀಶ ಕಾರ್ನಾಡ ಅವರು 'ಒಂದಾನೊಂದು ಕಾಲದಲ್ಲಿ' ಎಂಬ ಚಲನಚಿತ್ರ ಮಾಡಿದರು. ಹಳೇ ಕಾಲದಾಗ ಸಂಬಳಕ್ಕೆ ಯುದ್ಧ ಮಾಡುವ ಸೈನಿಕರ ಕಥೆ ಅದು. ಅದರಲ್ಲಿ ಶಂಕರನಾಗ್ ಗಂಡುಗಲಿ ಎಂಬ ಪಾತ್ರ ಮಾಡಿದರು. ಮೊದಲನೇ ಕನ್ನಡ ಸಿನಿಮಾಕ್ಕೇ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆಗ ಅವರಿಗೆ ಇನ್ನೂ 25 ವರ್ಷ ಆಗಿರಲಿಲ್ಲ. ಅದರಲ್ಲಿನ ಕತ್ತಿವರಸೆ ನೋಡಿದರ ನನಗ ನಮ್ಮ ಸುರಪುರದ ಬೇಡರ ಪಡೆ ನೆನಪಾಗ್ತದ. (ಸುರಪುರದ ರಾಜಾ ವೆಂಕಟಪ್ಪ ನಾಯಕರ ಮ್ಯಾಲೆ ಒಂದು ದೊಡ್ಡ ಸಿನಿಮಾ ಬರಬೇಕು ಅಂತ ಕಾಕಾ ಯಾವಾಗಲೂ ಅಂತಾನ. ಅದು ಬ್ಯಾರೆ ಲೇಖನ.)

ಆಮೇಲೆ ಅವರು ಕುಂದರಲೇ ಇಲ್ಲ. 1980ರಲ್ಲಿ 'ಮಿಂಚಿನ ಓಟ' ಚಿತ್ರವನ್ನ ತಾವೇ ನಿರ್ದೇಶಿಸಿದರು. ಕಾರು ಕದಿಯುವವರು ಜೈಲಿಗೆ ಹೋಗಿ ತಪ್ಪಿಸಿಕೊಂಡು ಓಡುವ ಕಥೆ. ಅದಕ್ಕ ರಾಜ್ಯ ಪ್ರಶಸ್ತಿ ಬಂತು. ಅದೇ ವರ್ಷ 'ಆಟೋರಾಜ' ಬಂತು. ಅದರೊಳಗ ಆಟೋ ಚಾಲಕನೇ ಹೀರೋ. ಅವತ್ತಿನಿಂದ ಕರ್ನಾಟಕದ ಆಟೋ ಸ್ಟ್ಯಾಂಡುಗಳಲ್ಲಿ ಶಂಕರನಾಗ್ ಚಿತ್ರ ಏರಿತು, ಇನ್ನೂ ಇಳಿದಿಲ್ಲ. ನವೆಂಬರ್ 9 ಬಂದರ ಕಾಕಾ ಆಟೋ ತೊಳೆದು ಹೂವಿನ ಹಾರ ಹಾಕ್ತಾನ. ನಮಗೆಲ್ಲಾ ಬುಂದಿ ಸಿಗ್ತದ. 1981ರಲ್ಲಿ 'ಗೀತಾ', 1985ರಲ್ಲಿ 'ಆಕ್ಸಿಡೆಂಟ್', 1987ರಲ್ಲಿ ಡಾ. ರಾಜಕುಮಾರ್ ಅವರನ್ನ ಹಾಕಿಕೊಂಡು 'ಒಂದು ಮುತ್ತಿನ ಕಥೆ', ಹೀಂಗ ನಿರ್ದೇಶನ ಮಾಡಿದರು. 12 ವರ್ಷದಾಗ ಸುಮಾರು 80 ಸಿನಿಮಾಗಳಲ್ಲಿ ನಟಿಸಿದರು. ಇದರ ನಡುವೆ ನಾಟಕ. ಇದರ ನಡುವೆ ಹಾಡು ಧ್ವನಿಮುದ್ರಣ ಮಾಡಲಿಕ್ಕೆ ಬೆಂಗಳೂರಿನಾಗ ಸಂಕೇತ್ ಸ್ಟುಡಿಯೋ. ಅವರು ಯಾವಾಗ ಮಲಗ್ತಿದ್ದರೋ ನನಗ ತಿಳಿವಲ್ದು.

ಎಲ್ಲಕ್ಕಿಂತ ನನಗ ಸೇರಿದ್ದು 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಅವರು ಬರೆದ ಕಥೆಗಳನ್ನ ಶಂಕರನಾಗ್ ದೂರದರ್ಶನಕ್ಕೆ 39 ಕಂತು ಮಾಡಿದರು. 1987ರಲ್ಲಿ ಪ್ರಸಾರ ಆಯಿತು. ಮಾಲ್ಗುಡಿ ಅಂತ ಊರೇ ಇಲ್ಲ. ಲೇಖಕರು ಮನಸ್ಸಿನಾಗ ಕಟ್ಟಿದ ಊರು ಅದು. ಶಂಕರನಾಗ್ ಶಿವಮೊಗ್ಗ ಜಿಲ್ಲೆಯ ಆಗುಂಬೆಗೆ ಹೋಗಿ ಆ ಊರನ್ನ ಕಣ್ಣಿಗೆ ಕಾಣುವಂಗ ಮಾಡಿದರು. ಅದೇ ಜಿಲ್ಲೆಯ ಅರಸಾಳು ರೈಲ್ವೆ ಸ್ಟೇಷನ್ ಮಾಲ್ಗುಡಿಯ ಸ್ಟೇಷನ್ ಆಯಿತು. ಸ್ವಾಮಿ ಎಂಬ ಹುಡುಗನ ಪಾತ್ರ ಮಾಡಿದವರು ಮಾಸ್ಟರ್ ಮಂಜುನಾಥ್. ನಾನು ಕಾಕಾನ ಮೊಬೈಲ್‌ನಾಗ ನೋಡೀನಿ. ಸ್ವಾಮಿಗೆ ಸಾಲಿ ಅಂದರ ಬ್ಯಾಸರ, ಅಪ್ಪ ಅಂದರ ಅಂಜಿಕೆ. ನಮ್ಮೊಳಗೂ ಅಂಥವರು ಇದ್ದಾರ. ಹೆಸರು ಬರೆಯಂಗಿಲ್ಲ.

2020ರಲ್ಲಿ ಆ ಅರಸಾಳಿನ ಹಳೇ ಸ್ಟೇಷನ್ ಕಟ್ಟಡದೊಳಗ ಮಾಲ್ಗುಡಿ ಮ್ಯೂಸಿಯಂ ಆಗ್ಯದ. ಅಂದರ ನೋಡ್ರಿ, ಇಲ್ಲದ ಊರು ಮೊದಲು ಪುಸ್ತಕ ಆತು, ಆಮೇಲೆ ಟೀವಿ ಆತು, ಆಮೇಲೆ ಖರೇನ ಕಾಲಿಟ್ಟು ಹೋಗುವ ಜಾಗ ಆತು. ನಮ್ಮ ಬೇವಿನ ಗಿಡದ ಚರ್ಚೆಗೆ ನಮ್ಮ ಕರ್ನಾಟಕದಾಗ ಸಿಕ್ಕ ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ಇದು. ಆಟ ಇಲ್ಲ, ಆದರ ಸಿನಿಮಾದವರು ನಡೆದಾಡಿದ ಜಾಗದಾಗ ನಾವೂ ನಿಲ್ಲಬಹುದು.

ಪರದೇಶದಾಗ ಇದನ್ನ ಭಾಳ ಮೊದಲೇ ಮಾಡ್ಯಾರ. ಅಮೆರಿಕಾದ ವಾಲ್ಟ್ ಡಿಸ್ನಿ ಎಂಬುವವರು ಮಿಕ್ಕಿ ಇಲಿಯ ಸಿನಿಮಾ ಮಾಡಿದವರು. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದರು. ಅಲ್ಲಿ ಅವರ ಸಿನಿಮಾಗಳೇ ಆಟಗಳು. ಹಾರುವ ಆನೆಮರಿ ಡಂಬೋನ ಆಟ ಆವತ್ತು ತಯಾರಾಗಿರಲಿಲ್ಲ, ಮುಂದಿನ ತಿಂಗಳು ಶುರುವಾಯಿತು. 1963ರಲ್ಲಿ ದೆವ್ವದ ಬಂಗಲೆಯೊಂದನ್ನ ಹೊರಗಿನಿಂದ ಕಟ್ಟಿ ಮುಗಿಸಿದರು. ಬಾಗಿಲು ತೆಗೆದದ್ದು 1969ರಲ್ಲಿ. ಆರು ವರ್ಷ! ಅಲ್ಲಿಯವರೆಗೆ ಜನ ಹೊರಗ ನಿಂತು ಒಳಗ ಏನದ ಅಂತ ಏನೇನೋ ಕಥೆ ಕಟ್ಟಿದರು. ನಾವು ಲಾರಿ ಮುಂದೆ ನಿಂತು ಮಾಡೋದೂ ಅದೇ ಅಲ್ಲೇನು? ಈಗಲೂ ಅಲ್ಲಿಯ ಅಭಿಮಾನಿಗಳು ಮುಂದ ಯಾವ ಸಿನಿಮಾದ ಆಟ ಬರ್ತದ ಅಂತ ಊಹೆ ಮಾಡ್ತಿರ್ತಾರ. 2024ರಲ್ಲಿ 'ಕೊಕೊ' ಎಂಬ ಸಿನಿಮಾದ ಮ್ಯಾಲೆ ದೋಣಿ ಆಟ ಕಟ್ತೀವಿ ಅಂತ ಕಂಪನಿಯವರು ತಿಳಿಸಿದರು.

ಡಿಸ್ನಿ 1966ರಲ್ಲಿ ತೀರಿಕೊಂಡರು. ಫ್ಲೋರಿಡಾದಲ್ಲಿ ಇನ್ನೂ ದೊಡ್ಡದು ಕಟ್ಟಬೇಕೆಂಬ ಅವರ ಕೆಲಸ ಅರ್ಧಕ್ಕೇ ನಿಂತಿತ್ತು. ಅವರ ಅಣ್ಣ ರಾಯ್ ಡಿಸ್ನಿ ಅದನ್ನ ಮುಂದುವರಿಸಿ 1971ರ ಅಕ್ಟೋಬರ್ 1ಕ್ಕೆ ತೆರೆದರು. ಅದೇ ಡಿಸೆಂಬರ್‌ನಲ್ಲಿ ತಾವೂ ತೀರಿಕೊಂಡರು. ಇದನ್ನ ಓದಿದಾಗ ನನಗ ಶಂಕರನಾಗ್ ಅವರೇ ನೆನಪಿಗೆ ಬಂದರು.

ಯಾಕಂದ್ರ ಶಂಕರನಾಗ್ ಅವರೂ ಬರೇ ಸಿನಿಮಾದಾಗ ನಿಲ್ಲಲಿಲ್ಲ. ಬೆಂಗಳೂರಿಗೆ ಮೆಟ್ರೊ ರೈಲು ಬೇಕು ಅಂತ ಕನಸು ಕಂಡಿದ್ದರು. ಬಡವರಿಗೆ ಕಡಿಮೆ ಖರ್ಚಿನಾಗ ಲಗೂನ ಕಟ್ಟುವ ಮನೆಗಳ ಬಗ್ಗೆ ಯೋಚನೆ ಮಾಡಿದ್ದರು. ನಂದಿ ಬೆಟ್ಟಕ್ಕೆ ರೋಪ್‌ವೇ ಹಾಕಬೇಕು ಅಂದಿದ್ದರು. ರೋಪ್‌ವೇ ಅಂದರ ದಪ್ಪನೆಯ ಉಕ್ಕಿನ ಹಗ್ಗ ಕಟ್ಟಿ, ಅದಕ್ಕ ಸಣ್ಣ ಸಣ್ಣ ಡಬ್ಬಿ ತೂಗುಬಿಟ್ಟು, ಜನರನ್ನ ಕುಂದ್ರಿಸಿಕೊಂಡು ಗುಡ್ಡ ಏರಿಸೋದು. ನಂದಿ ಬೆಟ್ಟ 4851 ಅಡಿ ಎತ್ತರ ಅದ. ಇದು ಸಿನಿಮಾದ ಆಟ ಅಲ್ಲ ಅಂತ ನನಗೂ ಗೊತ್ತು. ಆದರ ಸಿನಿಮಾದವರೊಬ್ಬರು ಎಲ್ಲಾರಿಗೂ ಅಂತ ಯೋಚಿಸಿದ ತೊಟ್ಟಿಲು ಅದು. ತಿರುಗೋದಿಲ್ಲ, ಸೀದಾ ಮ್ಯಾಲೆ ಹೋಗ್ತದ.

ಈಗ ನಮ್ಮ ಊಹೆಗಳಿಗೆ ಬರ್ತೀನಿ. ಶಂಕರನಾಗ್ ಇದ್ದು, ತಮ್ಮ ಸಿನಿಮಾಗಳ ಒಂದು ಆಟದ ಬಯಲು ಕಟ್ಟಿದ್ದರ ಅದರಲ್ಲಿ ಏನೇನು ಇರ್ತಿತ್ತು? ಒಬ್ಬ ಅಂದ, 'ಮಿಂಚಿನ ಓಟ'ಕ್ಕೆ ಡಿಕ್ಕಿ ಹೊಡೆಯುವ ಸಣ್ಣ ಕಾರು ಇರಬೇಕು, ಹಿಂದೆ ಪೊಲೀಸ್ ಕಾರು ಬೆನ್ನು ಹತ್ತಬೇಕು, ಸಿಕ್ಕರ ಎರಡು ನಿಮಿಷ ಜೈಲು. ಇನ್ನೊಬ್ಬಾಕೆ ಮಾಲ್ಗುಡಿ ರೈಲೇ ಬೇಕೆಂದು ಹಟ ಹಿಡಿದಳು. ರೈಲು ಅರಸಾಳಿನಿಂದ ಹೊರಟು, ಗಾಡಿ ತಿರುಗುವಲ್ಲಿ ಹೆಡ್‌ಮಾಸ್ಟರ ಗೊಂಬೆ ಬೆತ್ತ ಹಿಡಕೊಂಡು ಎದ್ದು ನಿಲ್ಲಬೇಕಂತೆ. ಇದು ನನಗ ಭಾಳ ಹಿಡಿಸಿತು. ದೆವ್ವದ ಬಂಗಲೆಗಿಂತ ಇದಕ್ಕೇ ನಾವು ಜಾಸ್ತಿ ಚೀರ್ತೀವಿ. 'ಒಂದು ಮುತ್ತಿನ ಕಥೆ'ಯಲ್ಲಿ ರಾಜಕುಮಾರ್ ಅವರು ಸಮುದ್ರದಾಗ ಮುಳುಗಿ ಮುತ್ತು ತರುವ ಬೆಸ್ತ. ಅದಕ್ಕ ಗಾಜಿನ ದೋಣಿ ನೀರೊಳಗ ಹೋಗಬೇಕು. ಅಷ್ಟು ನೀರು ಎಲ್ಲಿಂದ ತರ್ತೀರಿ ಅಂದರ, ತಿಂಥಣಿ ಹತ್ತಿರ ಕೃಷ್ಣಾ ಹೊಳಿ ಇಲ್ಲೇನು ಅಂತ ನನಗೇ ತಿರುಗಿ ಕೇಳಿದರು.

ದೊಡ್ಡ ಜಗಳ ಆದದ್ದು 'ಸಾಂಗ್ಲಿಯಾನ' ಮ್ಯಾಲೆ. ಅದು 1988ರಲ್ಲಿ ಬಂತು. ಎಚ್.ಟಿ. ಸಾಂಗ್ಲಿಯಾನ ಎಂಬ ಖರೇನ ಪೊಲೀಸ್ ಅಧಿಕಾರಿಯ ಹೆಸರಿನ ಮ್ಯಾಲೆ ಮಾಡಿದ ಸಿನಿಮಾ. ಜನ ಮೆಚ್ಚಿದ್ದಕ್ಕೆ 1990ರಲ್ಲಿ 'ಎಸ್.ಪಿ. ಸಾಂಗ್ಲಿಯಾನ ಭಾಗ 2' ಬಂತು. ಈಗ ಕೆಜಿಎಫ್ ಭಾಗ 1, ಭಾಗ 2 ಅಂತ ಕುಣಿಯುವವರಿಗೆ ಹೇಳ್ತೀನಿ, ಇದು ಆಗಲೇ ಆಗಿತ್ತು. ಅದರಲ್ಲಿ ಪೊಲೀಸ್ ಸಾಹೇಬರು ವೇಷ ಹಾಕಿಕೊಂಡು ಕಳ್ಳರನ್ನ ಹಿಡೀತಾರ. ಅದರ ಆಟದೊಳಗ ಹತ್ತು ಗೊಂಬೆ ಇದ್ದು, ಯಾವುದು ಪೊಲೀಸ್ ಅಂತ ಗಾಡಿಯಾಗ ಕುಂತವರು ಗುರ್ತು ಹಿಡೀಬೇಕು ಎಂದು ನಾನು ಹೇಳಿದೆ. ಅವರು ಇದ್ದಿದ್ದರ ಅವರದೇ ಇನ್ನೂ ಭಾಗಗಳು ಬರ್ತಿದ್ದವು, ಅವುಗಳ ಆಟಕ್ಕೂ ಈಗಲೇ ಜಾಗ ಬಿಡಬೇಕು ಅಂತ ಒಬ್ಬ. ಬರದೇ ಇದ್ದ ಸಿನಿಮಾಕ್ಕ ಯಾರು ಜಾಗ ಬಿಡ್ತಾರ ಅಂತ ಇನ್ನೊಬ್ಬ. ಮಣ್ಣಿನ ಮ್ಯಾಲೆ ಕಟ್ಟಿಗಿಯಿಂದ ಬರೆದ ನಕಾಶೆಯನ್ನ ಕಾಲಿನಿಂದ ಅಳಿಸಿಬಿಟ್ಟರು.

ಮತ್ತೆ ನಕಾಶೆ ಬರೆದಾಗ ಒಬ್ಬ ಸಣ್ಣ ಹುಡುಗ, ಐದನೇ ಇಯತ್ತೆಯವ, ಹಂಗಾದರ 'ಆಕ್ಸಿಡೆಂಟ್' ಸಿನಿಮಾದ ಆಟ ಎಲ್ಲಿ ಅಂತ ಕೇಳಿದ. ಎಲ್ಲಾರೂ ಸುಮ್ಮನಾದೆವು. ಆ ಸಿನಿಮಾದಾಗ ಫುಟ್‌ಪಾತಿನ ಮ್ಯಾಲೆ ಮಲಗಿದ ಬಡವರ ಮ್ಯಾಲೆ ದೊಡ್ಡವರ ಮಗನ ಕಾರು ಹಾಯ್ತದ. ಆಮೇಲೆ ಅದನ್ನ ಮುಚ್ಚಿಹಾಕ್ತಾರ. ಆ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂದದ. ಅದನ್ನ ಆಟ ಮಾಡಬಾರದು ಅಂತ ನಾನು ಹೇಳಿದೆ. ಯಾರೂ ಎದುರಾಡಲಿಲ್ಲ. ಯಾಕಂದ್ರ ಅದನ್ನ ಮಾಡಿದವರೇ ರಸ್ತೆ ಅಪಘಾತದಾಗ ಹೋದರು.

1990ನೇ ಇಸವಿ ಸೆಪ್ಟೆಂಬರ್ 30, ನಸುಕಿನ ಹೊತ್ತು. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕ ಸಿನಿಮಾ ಆಗಬೇಕಿತ್ತು. ಅದರ ಚಿತ್ರೀಕರಣಕ್ಕೆ ಶಂಕರನಾಗ್ ಅವರು ಹೆಂಡತಿ ಮಗಳ ಸಂಗಡ ಲೋಕಾಪುರಕ್ಕೆ ಬರ್ತಿದ್ದರು. ಲೋಕಾಪುರ ಈಗಿನ ಬಾಗಲಕೋಟೆ ಜಿಲ್ಲೆಯೊಳಗ ಅದ. ಅಂದರ ನಮ್ಮ ಉತ್ತರ ಕರ್ನಾಟಕದ ಕಡೆಗೇ ಬರ್ತಿದ್ದರು. ದಾವಣಗೆರೆ ಹತ್ತಿರ ಆನಗೋಡು ಎಂಬಲ್ಲಿ ಅಪಘಾತವಾಗಿ ಅವರು ತೀರಿಕೊಂಡರು. ಅರುಂಧತಿ ಅವರಿಗೂ ಕಾವ್ಯಾ ಅವರಿಗೂ ಪೆಟ್ಟಾಗಿತ್ತು, ಬದುಕಿದರು. ಶಂಕರನಾಗ್ ಅವರಿಗೆ ಆಗ 35 ವರ್ಷ. ನಮ್ಮ ಕಾಕಾನ ಈಗಿನ ವಯಸ್ಸಿಗಿಂತ ಕಡಿಮೆ.

ಅವರು ಬಿಟ್ಟುಹೋದ ಕೆಲಸ ಏನಾದವು? ಅರುಂಧತಿ ನಾಗ್ ಅವರು ಭಾಳ ವರ್ಷ ಕಷ್ಟಪಟ್ಟು ಬೆಂಗಳೂರಿನ ಜೆ.ಪಿ. ನಗರದಾಗ ರಂಗಶಂಕರ ಎಂಬ ನಾಟಕ ಮಂದಿರ ಕಟ್ಟಿಸಿದರು. ಅದು 2004ರಲ್ಲಿ ಶುರುವಾಯಿತು. ಮೆಟ್ರೊ ರೈಲು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿತು. ಅವರು ಹೋಗಿ ಆಗಲೇ 21 ವರ್ಷ ಆಗಿತ್ತು. ನಂದಿ ಬೆಟ್ಟದ ರೋಪ್‌ವೇಗೆ 2023ರ ಮಾರ್ಚ್‌ನಲ್ಲಿ ಅಡಿಗಲ್ಲು ಹಾಕಿದರು. ಸುಮಾರು 3 ಕಿಲೋಮೀಟರ್ ಉದ್ದ ಅಂತ ಲೆಕ್ಕ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ತಪ್ಪೋ ಅಲ್ಲೋ ನೀವೇ ಹೇಳ್ರಿ. ಒಂದಿನ ಕಾಕಾ ಊಟಕ್ಕ ಕುಂತಾಗ ಮೆಟ್ರೊ ತಂದವರು ಶಂಕರಣ್ಣ ಅಂದ. ಇಲ್ಲ ಕಾಕಾ, ತಂದವರು ಸರಕಾರದವರು, ಕಟ್ಟಿದವರು ಎಂಜಿನಿಯರು ಕೂಲಿಯವರು, ಶಂಕರನಾಗ್ ಬೇಕು ಅಂದಿದ್ದರು ಅಷ್ಟೇ, ಅಂದೆ. ಬೇಕು ಅನ್ನೋದು ಯಾರಾದರೂ ಅನ್ನಬಹುದು, ನಾನೂ ಶಹಾಪುರಕ್ಕ ವಿಮಾನ ಬೇಕು ಅಂತೀನಿ ಅಂದೆ. ಕಾಕಾ ಅರ್ಧ ರೊಟ್ಟಿ ತಾಟಿನಾಗ ಬಿಟ್ಟು ಎದ್ದ. ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ. ಅವ್ವ ನನಗೇ ಬೈದಳು.

ಮೂರನೇ ದಿನ ಶಹಾಪುರಕ್ಕ ಸಾಮಾನು ತರಲಿಕ್ಕೆ ಹೋಗಬೇಕಿತ್ತು. ಆಟೋದಾಗ ನಾನು ಹಿಂದೆ ಕುಂತಿದ್ದೆ. ಊರು ಹತ್ತಿರ ಬಂದಾಗ ಕಾಕಾ ಗಾಡಿ ಪಕ್ಕಕ್ಕ ಹಚ್ಚಿದ. ಅಲ್ಲಿಂದ ಮಲಗಿದ ಬುದ್ಧನ ಬೆಟ್ಟ ಚಂದ ಕಾಣ್ತದ. ತಲಿ, ಎದಿ, ಹೊಟ್ಟಿ, ಎಲ್ಲಾ ಕಲ್ಲಿನ ಗುಡ್ಡಗಳೇ. ಕಾಕಾ ಕೈ ಮಾಡಿ ತೋರಿಸಿದ. ಕೆಳಗ ಇಲ್ಲಿಂದ ಹಗ್ಗ ಶುರು, ಅಲ್ಲಿ ಒಂದು ಕಂಬ, ಮ್ಯಾಲೆ ಇಳಿಯುವ ಜಾಗ, ಆದರ ಬುದ್ಧನ ಮುಖದ ಮುಂದೆ ಕಂಬ ಬರಬಾರದು, ಬಂದರ ದೂರದಿಂದ ನೋಡುವವರಿಗೆ ಕಾಣೋದಿಲ್ಲ ಅಂದ. ಇಷ್ಟು ಹೇಳಿ ಮತ್ತೆ ಗಾಡಿ ಚಾಲೂ ಮಾಡಿದ. ಹತ್ತು ವರ್ಷದಿಂದ ಅದೇ ದಾರಿಯಾಗ ಹೋಗುವಾಗ ಈ ಲೆಕ್ಕ ಹಾಕ್ತಾನಂತೆ. ನನಗ ಗೊತ್ತೇ ಇರಲಿಲ್ಲ. ಮೆಟ್ರೊ ಯಾರು ತಂದರು ಎಂಬ ಮಾತು ಇಬ್ಬರೂ ಮತ್ತೆ ತೆಗೀಲಿಲ್ಲ. ನನ್ನ ಮಾತು ಸರಿನೇ ಅದ ಅಂತ ಈಗಲೂ ಅನಿಸ್ತದ. ಆದರ ಊಟದ ಹೊತ್ತಿನಾಗ ಹೇಳಬಾರದಿತ್ತು.

ಗೆಳೆಯರೇ, ಈ ಹಾಳೆಯ ಕೆಳಗ ಅರ್ಧ ಜಾಗ ಖಾಲಿ ಬಿಟ್ಟೀನಿ. ಶಂಕರನಾಗ್ ಅವರ ಯಾವ ಸಿನಿಮಾದಿಂದ ಯಾವ ಆಟ ಆಗಬೇಕು, ಎಷ್ಟು ಜನ ಕುಂದರಬೇಕು, ಟಿಕೆಟ್ ಎಷ್ಟು ಇಡಬೇಕು ಅಂತ ಸಣ್ಣ ಚೀಟಿಯಲ್ಲಿ ಬರೆದು ಅಂಟಿಸ್ರಿ. ಟಿಕೆಟ್ 20 ರೂಪಾಯಿಗಿಂತ ಜಾಸ್ತಿ ಬರೀಬ್ಯಾಡ್ರಿ, ನಮ್ಮ ಕೈಯಾಗ ಆಗಂಗಿಲ್ಲ. ಚೀಟಿಗೆ ಗೋಂದು ಹಚ್ಚರಿ, ಹಿಟ್ಟಿನ ಅಂಟು ಬ್ಯಾಡ. ಹೋದ ಸಲ ಇಲಿ ಬಂದು ನನ್ನ ಮಳೆಗಾಲದ ಲೇಖನದ ಮೂಲಿ ತಿಂದಿತ್ತು. ಬೆಟ್ಟದ ರೋಪ್‌ವೇ ಚಿತ್ರ ಕಾಕಾ ಬಿಡಿಸಿಕೊಡ್ತೀನಿ ಅಂದಾನ. ಭಾರತ ಹುಣ್ಣಿಮೆ ತನಕ ಈ ಹಾಳೆ ತೆಗೆಯೋದಿಲ್ಲ ಅಂತ ಗುರುಗಳು ಒಪ್ಪ್ಯಾರ.

– 7ನೇ ತರಗತಿ ವಿದ್ಯಾರ್ಥಿ